ಕೇಳುವವನು ಒಬ್ಬನೇ

ಗಿಟಾರಿನ ತಂತಿಯ ಮೇಲೆ ಮಾನಸ ಚಮಚ ಉಜ್ಜುತ್ತಿದ್ದಳು. ಆ ಕೀರಲು ಸದ್ದು ಮೆಲ್ಲಗೆ ಬೇರೆ ಏನೋ ಆಗತೊಡಗಿತ್ತು... ಅಷ್ಟರಲ್ಲಿ ಸ್ಪೀಕರ್ ಸತ್ತುಹೋಯಿತು!

ಶಿಕಾರಿಪುರದ ಆ ಸಭಾಂಗಣದ ತುಂಬ ನಗು. "ಬರಂಗಿಲ್ಲ ಅಂದ್ರ ಇಳಿಯವ್ವ ಕೆಳಗ!" ಎಂದು ಯಾರೋ ಕೂಗಿದರು.

ಅಳು ನುಂಗಿಕೊಂಡು ಅವಳು ನೇರ ಮೈಕ್‌ಸೆಟ್ಟಿನವನ ಎದುರು ಹೋಗಿ ನಿಂತಳು.

"ಯಾಕ್ರೀ ಆಫ್ ಮಾಡಿದ್ರಿ? ನಿಮಗೂ ನಗು ಬಂತೇನು?"

ಅವನು ಅವಳ ಮುಖವನ್ನೇ ನೋಡುತ್ತ ಎದ್ದ. "ನಾನಲ್ಲ ರೀ. ಕಮಿಟಿಯೋರು ವೈರ್ ಕಿತ್ತಾಕಿದ್ರು. ಕೊನೇಲಿ ಒಂದು ದನಿ ಬರ್ತಾ ಇತ್ತಲ್ಲ... ಅದು ಎಲ್ಲಿಗೆ ಹೋಗುತ್ತೆ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ತಪ್ಪಿಹೋಯ್ತು."

ಮಾನಸಳ ಸಿಟ್ಟು ಅಲ್ಲೇ ಇಳಿಯಿತು. 'ಕಾಯ್ತಿದ್ದೆ' ಅಂದನಲ್ಲ ಇವನು!

ತೊಗರ್ಸಿ ಹಳ್ಳಿಯ ಕುರಿ ಸಾಕುವ ಮನೆಯ ಹುಡುಗಿ ಅವಳು. ಶಿಕಾರಿಪುರದ ಫೋಟೊ ಸ್ಟುಡಿಯೋದಲ್ಲಿ ಕೆಲಸ. ಬರೆದಿಟ್ಟ ಹಾಡು ನುಡಿಸುವುದು ಅವಳಿಗೆ ಒಗ್ಗುತ್ತಲೇ ಇರಲಿಲ್ಲ. ರಾಗವಿಲ್ಲ, ತಾಳವಿಲ್ಲ, ಕೈ ಹೋದ ಕಡೆ ದನಿ, ದನಿ ಕರೆದ ಕಡೆ ಕೈ. "ಕುರಿ ಬೆದರ್ತಾವು, ನಿಲ್ಸವ್ವ" ಎನ್ನುತ್ತಿದ್ದ ಅಪ್ಪ ಉಜ್ಜಪ್ಪ.

ಆ ಮೈಕ್‌ಸೆಟ್ಟಿನವನು ಪರಶುರಾಮ, ಅವನ ಅಂಗಡಿ ಇದ್ದದ್ದು ಸೊರಬದಲ್ಲಿ. ಭಾನುವಾರ ಬಂದರೆ ಅವಳು ಬಸ್ ಹತ್ತತೊಡಗಿದಳು. ಅವಳು ನುಡಿಸುವಳು, ಅವನು ಸ್ಪೀಕರ್ ಬಾಕ್ಸಿಗೆ ಅಂಟಿಕೊಂಡು ಕೂತು ಕೇಳುವನು.

"ಈಗ ಹೆದರಿದ್ರಿ ನೀವು," ಎನ್ನುವನು. "ಹೆದರಿ, ಗೊತ್ತಿರೋ ಕಡೆಗೇ ವಾಪಸ್ ಬಂದ್ರಿ."

ಅದು ಪ್ರತಿ ಸಲವೂ ನಿಜವಾಗಿರುತ್ತಿತ್ತು!

ಒಂದು ಮಧ್ಯಾಹ್ನ ಅವನು ಬೆನ್ನು ತಿರುಗಿಸಿ ಕೂತು ವೈರಿಗೆ ಬೆಸುಗೆ ಹಾಕುತ್ತಿದ್ದ. ಮಾನಸ ಧೈರ್ಯ ಮಾಡಿದಳು.

"ಪರಶುರಾಮ್ ಅವ್ರೇ... ನಂಗ ನೀವಂದ್ರ ಭಾಳ ಇಷ್ಟ."

ಅವನು ತಿರುಗಲಿಲ್ಲ. ಬೆಸುಗೆ ಹಾಕುತ್ತಲೇ ಇದ್ದ.

ಅವಳು ಕಾದಳು... ಆಮೇಲೆ ಗಿಟಾರ್ ಎತ್ತಿಕೊಂಡು ಹೊರಟೇಬಿಟ್ಟಳು. 'ಬೇಡ ಅನ್ನಲಿಕ್ಕೂ ನಾನು ಲಾಯಕ್ಕಿಲ್ಲವೇ?' ಬಸ್ಸಿನುದ್ದಕ್ಕೂ ಅದೇ ಸಂಕಟ. ಅವನ ಮೆಸೇಜುಗಳನ್ನು ಅವಳು ತೆರೆಯಲೂ ಇಲ್ಲ.

ಮಳೆಗಾಲ ಮುಗಿಯಿತು. ಕೊನೆಗೆ ಅವಳೇ ಸೋತು ಫೋನ್ ಮಾಡಿದಳು. ಎತ್ತಿದ್ದು ಅವನ ತಾಯಿ ಗುತ್ಯಮ್ಮ.

"ಫೋನಲ್ಲಿ ಅವನಿಗೆ ಮಾತು ತಿಳಿಯಲ್ಲ ಮಗಾ. ಎಡಗಿವಿ ಹೋಗಿ ಎಷ್ಟೋ ಕಾಲ ಆಯ್ತು. ಈಗ ಬಲದ್ದೂ ಹೋಗ್ತಾ ಐತೆ. ಮಿಷನ್ ಹಾಕಿದ್ರೂ ಉಪಯೋಗ ಇಲ್ಲ ಅಂದ್ರು ಡಾಕ್ಟ್ರು..."

ಅಯ್ಯೋ... ಆ ದಿನ ಅವನಿಗೆ ಕೇಳಿಸಿರಲೇ ಇಲ್ಲ!

ಮರುದಿನ ಸೊರಬದ ಅಂಗಡಿಯಲ್ಲಿ ಅರ್ಧಕ್ಕರ್ಧ ಬಾಕ್ಸುಗಳು ಇರಲಿಲ್ಲ, ಮಾರಿಬಿಟ್ಟಿದ್ದ. ಅವಳು ಅವನ ಎದುರಿಗೇ ಕೂತಳು.

"ಯಾಕ್ ಹೇಳಲಿಲ್ಲ?"

"ಹೇಳಿದ್ರೆ ನನ್ನ ಮುಂದೆ ನುಡಿಸೋದು ನಿಲ್ಲಿಸ್ತಿದ್ರಿ."

ಅವಳು ಅವನ ಅಂಗೈಯನ್ನು ಗಿಟಾರಿನ ಮೇಲಿಟ್ಟು ತಂತಿ ಮೀಟಿದಳು. ಆಸೆಯಿಂದ ಅವನ ಮುಖ ನೋಡಿದಳು.

ಅವನು ತಲೆಯಾಡಿಸಿದ. "ನಡುಗುತ್ತೆ ಅಷ್ಟೇ ಮಾನಸ. ಇದು ಕೇಳಿದಂಗಲ್ಲ."

ಅವಳು ಗಿಟಾರನ್ನು ಪಕ್ಕಕ್ಕಿಟ್ಟಳು. ಅವಳ ದನಿಗಾಗಿ ಕಾದವನು ಇವನೊಬ್ಬನೇ. ಇನ್ನು ಅವನೂ ಇಲ್ಲ.

"ಇನ್ನ ನಾ ಯಾರಿಗೆ ನುಡಿಸ್ಲಿ?"

ಅವನು ಸುಳ್ಳು ಸಮಾಧಾನ ಹೇಳಲಿಲ್ಲ.

"ಆವತ್ತು ನಿಮ್ಮ ಬೆನ್ನ ಹಿಂದ ಒಂದು ಮಾತು ಹೇಳಿದ್ದೆ," ಎಂದಳು.

ಅವನು ಬೆಚ್ಚಿದ. "ಏನು?"

ಮಾನಸ ಅವನ ಬಲಗಿವಿಯ ಹತ್ತಿರ ಬಾಗಿದಳು. ಅದೇ ಮಾತನ್ನು ಒಂದೊಂದೇ ಪದ ಬಿಡಿಸಿ ಹೇಳಿದಳು.

ಅವನು ಕಣ್ಣು ಮುಚ್ಚಿ ಕೂತ. ಕೆನ್ನೆ ಒದ್ದೆಯಾಗಿತ್ತು. ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಇನ್ನೊಂದ್ಸಲ ಹೇಳಿ."

"ಕೇಳಿಸ್ಲಿಲ್ಲೇನು?"

"ಕೇಳಿಸ್ತು... ಅದಕ್ಕೇ."