ಗೋಡೆಯೊಳಗಿನ ಓಣಿ

"ಯಾರ್ರೀ ಒಳಗೆ?"

ಗೋಡೆಯ ಸೀಳಿನಿಂದ ಟಾರ್ಚಿನ ಬೆಳಕು ನೇರ ಅವಳ ಕಣ್ಣಿಗೆ ಹೊಡೆಯಿತು. ಅತ್ತೆ ಕಟ್ಟಿಕೊಟ್ಟಿದ್ದ ಊಟದ ಡಬ್ಬಿ ಕೈಜಾರಿ ನೆಲಕ್ಕೆ ಬಿತ್ತು.

"ಟಾರ್ಚ್ ಆರಿಸಿ... ದಯವಿಟ್ಟು!"

ಆರಿತು. ಆಚೆಗೆ ಏಣಿಯ ಮೇಲಿದ್ದವನು ಫೋಟೋ ಗ್ಯಾಲರಿಯ ದೀಪಗಳನ್ನು ನೋಡಿಕೊಳ್ಳುವವನು. ಮೂವತ್ತು ದಾಟಿರದಿದ್ದರೂ ಎಲ್ಲರಿಗೂ 'ಬಲ್ಬಣ್ಣ'.

"ದೆವ್ವ ಅಂದ್ಕೊಂಡೆ ಕಣ್ರೀ! ಚಿತ್ರಗಳ ಕೆಳಗೆ ವಿವರ ಬರೆಯೋ ಮೇಡಂ ಅಲ್ವಾ ನೀವು?"

"ಯಾರಿಗೂ ಹೇಳ್ಬೇಡಿ."

"ದೆವ್ವದ ಮಾತು ಮೀರೋಕಾಗುತ್ತಾ?"

ಅವಳಿಗೆ ನಗು ಬರಲಿಲ್ಲ. ನಗದೆ ಎರಡು ವರ್ಷವಾಗಿತ್ತು.

ಆ ಕಟ್ಟಡ ನೂರು ವರ್ಷದ ಹಿಂದೆ ಅಂಚೆ ಕಚೇರಿ. ಕಾಗದ ವಿಂಗಡಿಸುವವರು ಏನೂ ಕದಿಯದಂತೆ ಮೇಲಧಿಕಾರಿ ಮರೆಯಿಂದ ನೋಡಲೆಂದು ಗೋಡೆಯೊಳಗೇ, ಎತ್ತರದಲ್ಲಿ, ಒಂದು ಓಣಿ ಕಟ್ಟಿದ್ದರು. ಒಬ್ಬರು ನಡೆಯುವಷ್ಟು ಅಗಲ, ಅಲ್ಲಲ್ಲಿ ಸೀಳು. ಫೋಟೋ ಗ್ಯಾಲರಿಯಾದ ಮೇಲೆ ಅದು ಯಾರಿಗೂ ಬೇಕಿರಲಿಲ್ಲ.

ಅವಳಿಗೆ ಬೇಕಿತ್ತು, ದಿನಾ ಊಟದ ಹೊತ್ತಿಗೆ. ಮೂರನೆಯ ಸೀಳಿನ ಎದುರಿಗೆ ತೀರಿಕೊಂಡ ಅವಳ ಗಂಡ ತೆಗೆದ ಕೊನೆಯ ಫೋಟೋ ಇತ್ತು. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿರುವ ಹೆಂಗಸಿನ ಬೆನ್ನು. ಅವಳದೇ ಬೆನ್ನು.

ಕೆಳಗೆ ಅದರ ಮುಂದೆ ನಿಂತರೆ ಸಾಕು, ಜೊತೆ ಕೆಲಸದವರು ಚಿತ್ರ ಬಿಟ್ಟು ಅವಳನ್ನು ನೋಡುತ್ತಿದ್ದರು. ಅಯ್ಯೋ ಪಾಪ... ಎಂಬ ಆ ನೋಟ! ಓಣಿಯಲ್ಲಿ ಆ ಕಾಟವಿರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ.

ಮೂರು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಕೆಳಗಿನಿಂದ ಗ್ಯಾಲರಿಯ ಯಜಮಾನಿಯ ದನಿ ಕೇಳಿಸಿತು.

"ಏನಪ್ಪಾ ಬಲ್ಬಣ್ಣ, ಈ ಚಿತ್ರದ ಗಾಜು ಬರೀ ಹೊಳೆಯುತ್ತೆ, ಒಳಗೇನೂ ಕಾಣಲ್ಲ ಅಂತ ಬಂದವರೆಲ್ಲ ದೂರ್ತಾರೆ. ದೀಪ ಸರಿಮಾಡು. ಇಲ್ಲಾಂದ್ರೆ ಇಳಿಸಿ ಗೋದಾಮಿಗೆ ಹಾಕು."

ಗೋದಾಮಿಗಾ!

ಅವಳು ಓಡಿ ಇಳಿಯುವಷ್ಟರಲ್ಲಿ ಯಜಮಾನಿ ಹೋಗಿಯಾಗಿತ್ತು.

"ಒಂದು ದೀಪ ತಿರುಗಿಸೋಕೆ ಬರಲ್ವಾ ನಿಮಗೆ? ಅವರ ಕೊನೇ ಚಿತ್ರ ರೀ ಅದು! ಅದನ್ನೂ ಹಾಳುಮಾಡ್ಬೇಕಾ?"

ಅವನು ತಲೆಯೆತ್ತಿ ಮೇಲಿನ ಸೀಳಿನತ್ತ ನೋಡಿದ. ಆಮೇಲೆ ಕೇಳಿದ:

"ಒಳಗಿಂದ ಚೆನ್ನಾಗಿ ಕಾಣುತ್ತಾ?"

"ಏನು?"

"ಮೂರನೇ ಸೀಳಿಂದ. ಮೊದಲು ಹೊಳಪು ಅಲ್ಲಿಗೆ ಹೊಡೀತಿತ್ತು, ಹೋಗಿ ನೋಡಿದ್ದೆ. ಅದಕ್ಕೇ ದೀಪ ತಿರುಗಿಸ್ದೆ. ಅಲ್ಲಿಗೆ ಸರಿಹೋಯ್ತು, ಇಲ್ಲಿಗೆ ಕೆಟ್ಟೋಯ್ತು."

ಹೌದು... ಮೂರು ವಾರದಿಂದ ಒದ್ದೆ ಬಟ್ಟೆಯ ಒಂದೊಂದು ಮಡಿಕೆಯೂ ಕಾಣುತ್ತಿತ್ತು. ತನ್ನ ಕಣ್ಣೇ ಕತ್ತಲೆಗೆ ಒಗ್ಗಿತೆಂದುಕೊಂಡಿದ್ದಳು.

"ಯಾಕೆ ಮಾಡಿದ್ರಿ?"

"ನೋಡಿ ಹೋಗೋರು ಸಾವಿರ ಜನ. ದಿನಾ ಬರೋರು ನೀವೊಬ್ಬರೇ." ಅವನು ಕಿವಿ ಕೆರೆದುಕೊಂಡ. "ಪೂರ್ತಿ ನಿಜ ಹೇಳ್ಲಾ? ಒಂದು ಗಂಟೆಗೆ ನೀವು ಅಲ್ಲಿದ್ದೀರಿ ಅಂತ ಗೊತ್ತಾದ್ರೇನೇ ನನಗೆ ಊಟ ಸೇರೋದು."

ಅವಳು ಅವನ ಮುಖ ಹುಡುಕಿದಳು. ಆ 'ಪಾಪ' ಅಲ್ಲೆಲ್ಲೂ ಇರಲಿಲ್ಲ. ಹೆದರಿಕೆಯಿತ್ತು, ಅಷ್ಟೇ.

"ದೀಪ ಈ ಕಡೆ ತಿರುಗಿಸಿ," ಎಂದಳು.

"ಆಮೇಲೆ ಒಳಗಿಂದ ಕಾಣಲ್ಲ."

"ಗೊತ್ತು. ಇಲ್ಲೇ ನಿಂತು ನೋಡ್ತೀನಿ. ಜನ ನೋಡಿದ್ರೆ ನೋಡ್ಲಿ."

ಅವನು ಏಣಿ ತಂದ. ಎರಡು ಮೆಟ್ಟಿಲು ಹತ್ತಿ ನಿಂತ.

"ಸ್ವಲ್ಪ ಹಿಡ್ಕೋತೀರಾ?"

"ದಿನಾ ಒಬ್ರೇ ಹತ್ತೋರು... ಇವತ್ತು ಬೀಳ್ತೀರಾ?"

"ಬೀಳಲ್ಲ. ಆದ್ರೂ..."

ಅವಳು ಹಿಡಿದುಕೊಂಡಳು.