ಟ್ಯಾಪೆಟ್ಟಿನ ಸದ್ದು

ಮೆಕ್ಯಾನಿಕ್ ಗ್ಯಾರೇಜಿನ ಮುಂದೆ ದಿಂಬಿನ ಕವರುಗಳನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದ. ಒಗೆಯೋದು ಮಹಡಿ ಮೇಲಿನ ಅತ್ತಿಗೆಯ ಪಾಲು, ಒಣಗಿಸೋದು ಇವನ ಪಾಲು. ಬಿಳಿ ಬಟ್ಟೆಗೆ ಗ್ರೀಸಿನ ಬೆರಳು ಮೂಡಿತೋ, ಆಕೆ ಕಿಟಕಿಯಿಂದಲೇ ಮಂಗಳಾರತಿ ಎತ್ತುತ್ತಿದ್ದಳು.

ಕೊನೆಯ ಕವರು ಕೈಯಲ್ಲಿರುವಾಗ ರಸ್ತೆಯಲ್ಲಿ ಟೈರು ಉರುಳುವ ಸದ್ದು ಕೇಳಿತು. ಜೊತೆಗೆ ಸಡಿಲ ಚೈನಿನ ಕಿರಿಕಿರಿ. ಇಂಜಿನ್ನಿನ ಸದ್ದಿಲ್ಲ. ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದ.

"ತಳ್ಳಿಕೊಂಡು ಬಂದೆ ಮೇಸ್ತ್ರಿಗಳೇ," ಅಂದಳು ನರ್ಸಮ್ಮ. ಹಣೆಯ ಬೆವರಿಗೆ ಎರಡು ಕೂದಲು ಅಂಟಿಕೊಂಡಿದ್ದವು. "ಪೋಸ್ಟ್ ಬಾಕ್ಸ್ ಏರು ಇದೆಯಲ್ಲ, ಅರ್ಧಕ್ಕೇ ಉಸಿರು ಬಿಡ್ತು. ಎಷ್ಟು ಒದ್ದರೂ ಏಳಲಿಲ್ಲ."

ಅದು ಅವಳಪ್ಪನ ಕಾಲದ ಗಾಡಿ. ಅದರ ಮೇಲೆ ಅವಳು ಮನೆಮನೆಗೆ ಹೋಗಿ ಬಾಣಂತಿಯರನ್ನು, ಕೂಸುಗಳನ್ನು ನೋಡಿ ಬರುತ್ತಿದ್ದಳು. ಊರೆಲ್ಲ ಅವಳನ್ನು 'ಸಿಸ್ಟರ್' ಅನ್ನುತ್ತಿತ್ತು. ಇವನೊಬ್ಬ ಬಾಯಿ ತಪ್ಪಿಯೂ ಹಾಗನ್ನುತ್ತಿರಲಿಲ್ಲ. ಯಾಕೆ ಅಂತ ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು.

ಊರು ಇವನಿಗೂ ಒಂದು ಅಡ್ಡಹೆಸರು ಇಟ್ಟಿತ್ತು: 'ನಿಮ್ಮಿಷ್ಟ'. ಯಾವ ಹಾರ್ನ್ ಹಾಕಲಿ, ಸೀಟಿಗೆ ಯಾವ ಬಣ್ಣ ಹೊಂದುತ್ತೆ, ಏನು ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು.

"ಸರಿ ಮಾಡಿಕೊಡಿ. ಮಾರಬೇಕು," ಅಂದಳು.

"ಮಾರೋದಾ?"

"ಅಕ್ಕನ ಊರಿನ ಆಸ್ಪತ್ರೆಯಲ್ಲಿ ಕೆಲಸ ಇದೆ ಅಂದಿದ್ದೆನಲ್ಲ. ಅಕ್ಕನಿಗೆ ಕಾಗದ ಬರೆದಾಗಿದೆ. ಬರ್ತೀನೋ ಬರಲ್ಲವೋ, ಆ ಕೊನೇ ಸಾಲೊಂದು ಬಾಕಿ. ತಿಂಗಳಿಂದ ಬ್ಯಾಗಲ್ಲೇ ನನ್ನ ಜೊತೆ ಸುತ್ತುತ್ತಿದೆ."

"ಫೋನ್ ಮಾಡಬಹುದಿತ್ತು."

"ಫೋನಲ್ಲಿ ಅಕ್ಕ ನನಗೆ ಬಾಯಿ ತೆಗೆಯೋಕೇ ಬಿಡಲ್ಲ. ಹೂಂ ಅನ್ನಿಸಿಕೊಂಡೇ ಇಡೋದು." ಅವಳು ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟಳು. "ಹೋಗಲಾ ಅಂತ ನಿಮ್ಮನ್ನೂ ಕೇಳಿದ್ದೆ. ಏನಂದಿರಿ, ನೆನಪಿದೆಯಾ?"

ನೆನಪಿತ್ತು. ಅವನು ಕಿಕ್ಕರ್ ಒತ್ತಿ ನೋಡಿದ. ಹತ್ತಿ ಮೂಟೆ ತುಳಿದ ಹಾಗೆ ಇಳಿದುಹೋಯಿತು.

"ಕಂಪ್ರೆಷನ್ ಇಲ್ಲ. ಎಲ್ಲೋ ಸೋರ್ತಿದೆ," ಅಂದ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಗೇಜ್ ತಿರುಗಿಸಿ ಕೂರಿಸಿದ. "ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡ್ಕೊಳ್ಳಿ. ಬಿಟ್ಟರೆ ಒಳಗೆ ಗಾಳಿ ಹೋಗಲ್ಲ, ಲೆಕ್ಕ ತಪ್ಪುತ್ತೆ."

"ನಾನು ಬಿಡಲ್ಲ. ನೀವು ಮುಳ್ಳು ನೋಡಿ. ಮುಳ್ಳಿರೋದು ಗೇಜಲ್ಲಿ, ನನ್ನ ಮುಖದಲ್ಲಲ್ಲ."

ಅವನ ಕಿವಿ ಕೆಂಪಾಯಿತು. ಮುಳ್ಳು ನಿಲ್ಲುವ ತನಕ ಒದ್ದ. ಅದು ಅರ್ಧ ದಾರಿಯನ್ನೂ ಮುಟ್ಟಲಿಲ್ಲ.

ಒಂದು ಚಮಚ ಆಯಿಲ್ ತೂತಿಗೆ ಬಿಟ್ಟ. "ಇದು ಪಿಸ್ಟನ್ ಸುತ್ತ ಇಳಿದು ಸಂದು ಮುಚ್ಚುತ್ತೆ. ಈಗ ಮುಳ್ಳು ಏರಿದರೆ ರಿಂಗ್ ಸವೆದಿದೆ ಅಂತ. ಏರದಿದ್ದರೆ ವಾಲ್ವ್."

ಮತ್ತೆ ಒದ್ದ. ಮುಳ್ಳು ಮೊದಲಿನ ಜಾಗದಲ್ಲೇ ನಿಂತಿತು.

ವಾಲ್ವೇ ಅಂತಾಗುತ್ತಲೇ ಅವನಿಗೆ ಕಳೆದ ಸಲದ ರಿಪೇರಿ ನೆನಪಾಯಿತು. ಹೊರಗೆ ತೋರಿಸಿಕೊಳ್ಳಲಿಲ್ಲ. "ಇಂಜಿನ್ ತಣ್ಣಗಾಗಬೇಕು. ಆಮೇಲೆ ವಾಲ್ವ್ ತೆರೆಸೋ ಟ್ಯಾಪೆಟ್ ನೋಡ್ತೀನಿ," ಅಂದ.

ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಅದರಲ್ಲಿ ಎರಡು ಲೋಟ ಟೀ.

"ಸಕ್ಕರೆ ಸರಿಯಾಗಿದೆಯೇನಮ್ಮಾ?" ಅತ್ತಿಗೆ ಕೂಗಿದಳು. "ಅವನನ್ನು ಕೇಳಬೇಡ. ನಾನು ಉಪ್ಪು ಹಾಕಿದ್ದರೂ 'ನಿಮ್ಮಿಷ್ಟ ಅತ್ತಿಗೆ' ಅಂತ ಕುಡೀತಾನೆ."

ನರ್ಸಮ್ಮ ನಕ್ಕಳು. ನಗುವಾಗ ಅವಳ ಎಡಗೆನ್ನೆ ಮಾತ್ರ ಗುಳಿ ಬೀಳುತ್ತಿತ್ತು. ಬೆಂಚಿನ ಈ ತುದಿಯಿಂದ ಆ ಗುಳಿ ಅವನಿಗೆ ಕಾಣುತ್ತಿತ್ತು. ಅದಕ್ಕೇ ಅವನು ಯಾವಾಗಲೂ ಈ ತುದಿಯಲ್ಲೇ ಕೂರುತ್ತಿದ್ದ.

ಇಂಜಿನ್ ತಣ್ಣಗಾಯಿತು. ಅವನು ಮುಚ್ಚಳ ಬಿಚ್ಚಿ, ತೆಳು ಅಲಗಿನ ಫೀಲರ್ ಗೇಜನ್ನು ಟ್ಯಾಪೆಟ್ಟಿನ ಸಂದಿಗೆ ತೂರಿಸಲು ಹೋದ. ತೂರಲಿಲ್ಲ. ಅದಕ್ಕಿಂತ ತೆಳುವಾದದ್ದೂ ತೂರಲಿಲ್ಲ.

ಹಳೇ ಗಾಡಿ, ವಯಸ್ಸಾಯಿತು ಅಂದರೆ ಅವಳು ನಂಬುತ್ತಾಳೆ. ಸಿಕ್ಕಷ್ಟಕ್ಕೆ ಮಾರಿ ಹೋಗುತ್ತಾಳೆ. ಮನಸ್ಸಿನಲ್ಲಿ ಇವನ ಮೇಲೆ ಒಳ್ಳೇ ಅಭಿಪ್ರಾಯ ಇಟ್ಟುಕೊಂಡೇ ಹೋಗುತ್ತಾಳೆ.

"ಇದು ನನ್ನ ಕೆಲಸ," ಅಂದ.

"ಏನು?"

"ಟ್ಯಾಪೆಟ್ ಟಕಟಕ ಅನ್ನುತ್ತೆ, ಮಲಗಿರೋ ಕೂಸುಗಳು ಎದ್ದು ಅಳ್ತವೆ ಅಂದಿದ್ದಿರಿ. ಸದ್ದು ನಿಲ್ಲಲಿ ಅಂತ ಬಿಗಿ ಮಾಡಿಬಿಟ್ಟೆ. ಇಲ್ಲಿ ಕೂದಲೆಳೆಯಷ್ಟು ಸಂದು ಇರಲೇಬೇಕು. ಬಿಸಿಗೆ ವಾಲ್ವ್ ಉದ್ದ ಆಗುತ್ತೆ. ಸಂದಿಲ್ಲದಿದ್ದರೆ ಪೂರ್ತಿ ಮುಚ್ಚಿಕೊಳ್ಳಲ್ಲ. ದಿನ ಕಳೆದ ಹಾಗೆ ಗಾಡಿಯ ಶಕ್ತಿಯೆಲ್ಲ ಸೋರಿಹೋಗುತ್ತೆ."

"ಇದು ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಮಾಡಿದಿರಾ?"

"ನೀವು ಕೇಳಿದಿರಿ."

ಅವಳು ಲೋಟವನ್ನು ಟಕ್ಕನೆ ಕೆಳಗಿಟ್ಟಳು. "ನಾನು ಕೇಳಿದ್ದು ತಪ್ಪಾದರೆ ತಪ್ಪು ಅನ್ನಬೇಕಪ್ಪಾ! ರಾತ್ರಿ ಹೆರಿಗೆಗೆ ಹೋಗುವಾಗ ಈ ಗಾಡಿ ನಿಂತಿದ್ದರೆ? ನನ್ನ ಮುಖ ಬಾಡಬಾರದು ಅಂತ ನನ್ನನ್ನ ದಾರಿ ಮಧ್ಯೆ ಬಿಡ್ತೀರಾ?"

ಅವನು ತಲೆ ತಗ್ಗಿಸಿದ. ಕ್ಷಮಿಸಿ ಅಂದರೆ ಸಾಲದು ಅನ್ನಿಸಿತು.

"ಈಗ ನಿಮಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಇಡಿ," ಅಂದಳು.

"ಸದ್ದು ಬರುತ್ತೆ."

"ಬರಲಿ."

ಅವನು ಸಂದು ಹಿಡಿದು ನಟ್ ಬಿಗಿದ. ಮತ್ತೆ ಗೇಜ್ ಹಾಕಿದ. ಅವಳು ಎಕ್ಸಲೇಟರ್ ಹಿಡಿದಳು, ಇವನು ಒದ್ದ. ಈ ಸಲ ಮುಳ್ಳು ಅರ್ಧ ದಾಟಿ ಮೇಲಕ್ಕೆ ಹೋಯಿತು. "ಪೂರ್ತಿ ಬಂದಿಲ್ಲ. ವಾಲ್ವಿನ ಅಂಚು ಸ್ವಲ್ಪ ಸುಟ್ಟಿದೆ. ಒಂದಿನ ಹೆಡ್ ಬಿಚ್ಚಿ ಉಜ್ಜಬೇಕು. ಸದ್ಯಕ್ಕೆ ಓಡುತ್ತೆ."

ಪ್ಲಗ್ ಹಾಕಿ ಒಂದೇ ಒದೆ. ಗಾಡಿ ಎದ್ದಿತು. ಟಕಟಕ ಸದ್ದು ಗ್ಯಾರೇಜಿನ ತಗಡನ್ನೆಲ್ಲ ತುಂಬಿತು. ಆ ಸದ್ದಿನಲ್ಲಿ ಅವನಿಗೆ ಎಲ್ಲಿಂದಲೋ ಧೈರ್ಯ ಬಂತು.

"ಹೋಗಬೇಡಿ," ಅಂದ.

"ಕೇಳಿಸಲಿಲ್ಲ!"

"ಹೋಗಬೇಡಿ ಅಂದೆ! ನನಗೆ ನೀವು ಇಲ್ಲೇ ಬೇಕು. ಈ ಮನೆಗೆ ಬೇಕು!"

"ನನಗೇ ಕೇಳಿಸ್ತಲ್ಲೋ!" ಕಿಟಕಿಯಿಂದ ಅತ್ತಿಗೆಯ ತಲೆ ಹೊರಬಂತು. "ಪಕ್ಕದಲ್ಲಿರೋಳಿಗೆ ಕೇಳಿಸಲಿಲ್ಲವಂತಾ? ಇನ್ನೊಂದು ಸಲ ಕೂಗು, ಎದುರುಮನೆಯವರಿಗೂ ಗೊತ್ತಾಗಲಿ."

ನರ್ಸಮ್ಮ ಇಂಜಿನ್ ಆರಿಸಿದಳು. ಎಡಗೆನ್ನೆಯ ಗುಳಿ ಮೂಡಿತ್ತು. ಬ್ಯಾಗಿನಿಂದ ಕಾಗದ ತೆಗೆದು, ಸೀಟಿನ ಮೇಲಿಟ್ಟು, ಬಾಕಿ ಇದ್ದ ಸಾಲನ್ನು ಬರೆದಳು. ಬರೆಯುತ್ತಲೇ ಜೋರಾಗಿ ಓದಿದಳು: "ನಾನು ಬರಲ್ಲ ಅಕ್ಕಾ. ಮದುವೆಗೆ ನೀನೇ ಬಾ."

ಕಾಗದವನ್ನು ಲಕೋಟೆಗೆ ಹಾಕಿದಳು, ಅದರ ಅಂಟು ಹಿಡಿಯಲಿಲ್ಲ. ಅವನು ಹೆಬ್ಬೆರಳು ಒತ್ತಿ ಮುಚ್ಚಿದ. ಕರೀ ಗುರುತು ಬಿತ್ತು.

"ಅಯ್ಯೋ, ಬೇರೆ ಲಕೋಟೆ ತರ್ತೀನಿ."

"ಬೇಡ. ಇದೇ ಇರಲಿ," ಅಂದಳು. "ಹತ್ತಿ ಹಿಂದೆ. ಇಬ್ಬರನ್ನೂ ಹೊತ್ತು ಏರು ಹತ್ತಿದರೆ ರಿಪೇರಿ ಸರಿ ಅಂತ ಒಪ್ಪಿಕೊಳ್ತೀನಿ."

ಗಾಡಿ ಟಕಟಕ ಅನ್ನುತ್ತ ಏರು ಹತ್ತಿತು. ನಡುವೆ ಒಮ್ಮೆ ಗೇರ್ ಇಳಿಸಬೇಕಾಯಿತು, ಆದರೆ ನಿಲ್ಲಲಿಲ್ಲ. ಪೋಸ್ಟ್ ಬಾಕ್ಸಿನ ಮುಂದೆ ಅವಳು ಬ್ರೇಕ್ ಹಾಕಿದಳು. ಕಾಗದ ಅವನ ಕೈಯಲ್ಲಿತ್ತು. ಅವನು ಅವಳ ಮುಖ ನೋಡಿದ.

"ನಿಮ್ಮಿಷ್ಟ ಅಂದೀರಿ ಮತ್ತೆ," ಅಂದಳು.

ಅವನು ಕೈ ಚಾಚಿ ಕಾಗದವನ್ನು ಪೋಸ್ಟ್ ಬಾಕ್ಸಿಗೆ ಹಾಕಿದ.