ಹುಲಿಗೆ ಉಣಿಸಿದ ಮೂರು ತುತ್ತು

ನದಿಗಳು ಮನುಷ್ಯರೊಡನೆ ಮಾತಾಡುತ್ತಿದ್ದ ಕಾಲದಲ್ಲಿ ಹೊಂಬಾಳೆ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ನಿಂಗಾಜಮ್ಮನೆಂಬ ಅಡುಗೆಯವಳಿದ್ದಳು. ಅವಳ ಅಡುಗೆ ಉಂಡವರು ಬೆರಳು ಚೀಪದೆ ಏಳುತ್ತಿರಲಿಲ್ಲ.

ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಬಂದು, ರಾಜಕುಮಾರಿ ಕೇತಲದೇವಿಯನ್ನು ಮದುವೆಯಾಗುವೆನೆಂದ. ಅವಳು ಒಲ್ಲೆನೆಂದಳು. ಅವನು ಸಿಟ್ಟಿನಿಂದ ಅವಳ ಮೇಲೊಂದು ಹುಲಿಚರ್ಮ ಎಸೆದ. ರಾಜಕುಮಾರಿ ನಿಂತಲ್ಲೇ ಹೆಬ್ಬುಲಿಯಾದಳು.

"ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಬೇಯಿಸಿದ್ದನ್ನು ಇವಳು ಮನಸಾರೆ ಮೂರು ತುತ್ತು ಉಂಡರೆ ಮತ್ತೆ ಹೆಣ್ಣಾಗುತ್ತಾಳೆ. ಇಲ್ಲದಿದ್ದರೆ ಕಾಡೇ ಗತಿ!" ಎಂದು ಮಾಂತ್ರಿಕ ನಕ್ಕ.

ರಾಜ ಕಣ್ಣೀರಿಟ್ಟ. ನಿಂಗಾಜಮ್ಮ ಸೆರಗು ಬಿಗಿದು ಮುಂದೆ ಬಂದಳು.

"ಅಳಬೇಡಿ ಬುದ್ಧೀ. ಎಳೆಗೂಸಾಗಿದ್ದಾಗಿನಿಂದ ಉಣಿಸಿದ ಕೈಯಿದು. ಈಗಲೂ ಉಣಿಸುತ್ತದೆ."

ಮೊದಲನೆಯ ದಿನ ಅವಳು ಹುಲಿಗೆ ತಕ್ಕದ್ದೆಂದು ಮಾಂಸ ಕೊಚ್ಚಿ, ಉಂಡೆ ಕಟ್ಟಿ, ಉರಿಖಾರದ ಸಾರಿನಲ್ಲಿ ಬೇಯಿಸಿದಳು. ಹುಲಿ ವಾಸನೆ ಹಿಡಿದು ಓಡಿಬಂತು. ಒಂದುಂಡೆ ಬಾಯಿಗೆ ಹಾಕಿಕೊಂಡಿತು, ಥೂ ಎಂದು ಉಗುಳಿತು. ಕೇತಲದೇವಿಗೆ ಖಾರ ಆಗುತ್ತಿರಲಿಲ್ಲ.

ಎರಡನೆಯ ದಿನ ದಾಳಿಂಬೆ ರಸಕ್ಕೆ ಬೆಲ್ಲ ಹಾಕಿ ಪಾಯಸ ಕಾಯಿಸಿದಳು. ಹುಲಿಯ ಕಣ್ಣರಳಿತು. ಒಮ್ಮೆ ನೆಕ್ಕಿತು. ಆದರೆ ಆ ದೊಡ್ಡ ಹೊಟ್ಟೆಗೆ ಅದು ಯಾವ ಲೆಕ್ಕ? ಗರ್ಜಿಸಿ ಪಾತ್ರೆಗೆ ಬಡಿಯಿತು. ಉಗುರು ತಗುಲಿ ನಿಂಗಾಜಮ್ಮನ ತೋಳಿನಲ್ಲಿ ನೆತ್ತರು ಚಿಮ್ಮಿತು.

"ಸಾಕು ನಿಂಗಾಜಮ್ಮ, ನಿನ್ನನ್ನೂ ಕಳೆದುಕೊಳ್ಳಲಾರೆ," ಎಂದ ರಾಜ.

ಅವಳು ತೋಳಿಗೆ ಬಟ್ಟೆ ಸುತ್ತುತ್ತಾ ನಕ್ಕಳು. "ಈಗ ಗೊತ್ತಾಯಿತು ಬುದ್ಧೀ! ಹಸಿವು ಹುಲಿಯದು, ನಾಲಿಗೆ ನಮ್ಮ ಕೂಸಿನದು. ಇಬ್ಬರಿಗೂ ಒಂದೇ ಪಾತ್ರೆಯಲ್ಲಿ ಬಡಿಸಬೇಕು."

ಮೂರನೆಯ ದಿನ ಕೊಚ್ಚಿದ ಮಾಂಸಕ್ಕೆ ಉಪ್ಪು, ಶುಂಠಿ, ಚಕ್ಕೆ, ಹುರಿಗಡಲೆ ಹಿಟ್ಟು ಸೇರಿಸಿ ನಾದಿ, ನಿಂಬೆಗಾತ್ರದ ಉಂಡೆ ಕಟ್ಟಿದಳು. ತುಪ್ಪದಲ್ಲಿ ಈರುಳ್ಳಿ ಕೆಂಪಗೆ ಬಾಡಿಸಿ, ದಾಳಿಂಬೆ ರಸ, ಕಿತ್ತಳೆ ರಸ ಸುರಿದಳು. ರಸ ಕುದಿ ಬಂದಾಗ ಉಂಡೆಗಳನ್ನು ಒಂದೊಂದಾಗಿ ಬಿಟ್ಟು, ಉರಿ ತಗ್ಗಿಸಿ ಕೂತಳು.

"ಮಾಂಸಕ್ಕೆ ಹಣ್ಣಿನ ರಸವೇ? ಎರಡನ್ನೂ ಕೆಡಿಸಿದೆ!" ಎಂದು ನೋಡಲು ಬಂದಿದ್ದ ಧೂಮಕೇಶ ಅಣಕಿಸಿದ. "ಹೊತ್ತು ಮುಳುಗುತ್ತಿದೆ, ಇಳಿಸು."

"ನನ್ನ ಒಲೆ ನಿನ್ನ ಮಾತು ಕೇಳುವುದಿಲ್ಲ ಕಣಯ್ಯ. ರಸ ಉಂಡೆಗೆ ಅಂಟಲಿ."

ರಸ ಅಂಟಿತು. ನಿಂಗಾಜಮ್ಮ ಉಂಡೆಯನ್ನು ಅಂಗೈಲಿಟ್ಟು ಹುಲಿಯ ಬಾಯಿಗೆ ಹಿಡಿದಳು. "ತಗೋ ನನ್ನವ್ವ."

ಮೊದಲನೆಯ ತುತ್ತಿಗೆ ಪಂಜ ಹೋಗಿ ಕೈ ಬಂತು. ಎರಡನೆಯದಕ್ಕೆ ಹುಲಿಮುಖ ಹೋಗಿ ಹೆಣ್ಣುಮುಖ ಬಂತು. ಮೂರನೆಯದಕ್ಕೆ ಹುಲಿಚರ್ಮ ಕಳಚಿ, ಹಾರಿಹೋಗಿ ಧೂಮಕೇಶನಿಗೇ ಸುತ್ತಿಕೊಂಡಿತು. ಅವನು ಅರಚುತ್ತಾ ಕಾಡಿಗೆ ಓಡಿದ, ಮತ್ತೆ ಬರಲಿಲ್ಲ.

ರಾಜ ಮಗಳನ್ನು ತಬ್ಬಿಕೊಂಡ. ಮಗಳು ಅವನ ಭುಜದ ಮೇಲಿಂದಲೇ ಕೇಳಿದಳು: "ನಿಂಗಾಜಮ್ಮ, ಪಾತ್ರೆಯಲ್ಲಿ ಇನ್ನೂ ಇದೆಯಾ?"

ಹೊಂಬಾಳೆಯವರೆಲ್ಲ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನೂರು ಕಾಲ ಸುಖವಾಗಿ ಬಾಳಿದರು.